‘ಗ್ಲಿಮರ್’ ಎಂಬ ಇಂಗ್ಲಿಷ್ ಪದದ ಅರ್ಥ ಮತ್ತು ಮೂಲ

ಪ್ರಶ್ನೆ – ಅನುವಾದಾಸಕ್ತ

ಎಲ್ಲರಿಗೂ ನಮಸ್ಕಾರ. ಮಂದವಾದ ಬೆಳಕನ್ನು ಸೂಚಿಸುವ ‘ಗ್ಲಿಮರ್’ ಎಂಬ ಇಂಗ್ಲಿಷ್ ಪದದ ವಿಷಯದಲ್ಲಿ ನನಗೆ ಕೆಲವು ಸಂದೇಹಗಳಿವೆ. ನಾನು ಅನುವಾದಿಸುತ್ತಿರುವ ಗದ್ಯದಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ. ಒಂದು ಕಡೆ ಅದು ದೂರದ ಕಿಟಕಿಯಲ್ಲಿ ಕಾಣುವ ದೀಪಕ್ಕೆ ಸಂಬಂಧಿಸಿದ್ದು, ಇನ್ನೊಂದು ಕಡೆ ಇರುಳಿನಲ್ಲಿ ನೀರಿನ ಮೇಲೆ ಬಿದ್ದು ಅಲುಗುವ ಬೆಳಕಿಗೆ ಸಂಬಂಧಿಸಿದ್ದು, ಮತ್ತೊಂದು ಕಡೆ ಬೆಳಕಿನ ಪ್ರಸ್ತಾಪವೇ ಇಲ್ಲದೆ ಪಾತ್ರವೊಂದರ ಮನಸ್ಸಿನಲ್ಲಿ ಮೂಡುವ ಆಸೆಗೆ ಸಂಬಂಧಿಸಿದ್ದು. ನಿಘಂಟುಗಳು ಮಿಣುಕು, ಮಿನುಗು, ಮಂದಪ್ರಕಾಶ ಎಂದು ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೊಟ್ಟು ಸುಮ್ಮನಾಗುತ್ತವೆ. ಆದರೆ ಮಿನುಗುವುದೆಲ್ಲ ಮಂದವಾಗಿರಬೇಕೆಂದಿಲ್ಲ. ಮಂದವಾದದ್ದೆಲ್ಲ ಮಿನುಗಬೇಕೆಂದೂ ಇಲ್ಲ.

ಆದ್ದರಿಂದ ನನ್ನ ಮೊದಲ ಪ್ರಶ್ನೆ, ಈ ಪದದಲ್ಲಿ ಮುಖ್ಯವಾದದ್ದು ಬೆಳಕಿನ ಕ್ಷೀಣತೆಯೋ ಅಥವಾ ಅದರ ಅಸ್ಥಿರತೆಯೋ ಎಂಬುದು. ಎರಡನೆಯದಾಗಿ, ಗ್ಲೀಮ್, ಗ್ಲೋ, ಗ್ಲಿಟರ್, ಗ್ಲಿಂಟ್, ಗ್ಲೇರ್ ಎಂದು ಬೆಳಕಿಗೆ ಸಂಬಂಧಿಸಿದ ಇಷ್ಟೊಂದು ಪದಗಳು ‘ಗ್ಲ’ ಎಂಬ ಒತ್ತಕ್ಷರದಿಂದಲೇ ಆರಂಭವಾಗುವುದು ಕಾಕತಾಳೀಯವೇ, ಇಲ್ಲವೇ ಇವೆಲ್ಲವೂ ಒಂದೇ ಬೇರಿನಿಂದ ಒಡೆದವೇ? ಹಾಗಾದರೆ ಕತ್ತಲೆಯನ್ನು ಹೇಳುವ ‘ಗ್ಲೂಮ್’ ಈ ಗುಂಪಿನಲ್ಲಿ ಏನು ಮಾಡುತ್ತಿದೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ – ಪದಮೂಲ

ಅರ್ಥದ ಚರಿತ್ರೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಲ್ಲಿದೆ. ‘ಗ್ಲಿಮರ್’ ಇಂಗ್ಲಿಷಿನ ಬರವಣಿಗೆಯಲ್ಲಿ ಕಾಣಿಸಿಕೊಂಡ ಕಾಲಕ್ಕೆ ಅದಕ್ಕೆ ಮಂದತೆಯ ಅರ್ಥವೇ ಇರಲಿಲ್ಲ. ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ, ಮಧ್ಯಕಾಲೀನ ಇಂಗ್ಲಿಷಿನಲ್ಲಿ, ಅದು ‘ಪ್ರಖರವಾಗಿ ಹೊಳೆ’, ‘ಥಳಥಳಿಸು’ ಎಂಬ ಅರ್ಥದ ಕ್ರಿಯಾಪದವಾಗಿತ್ತು. ಆ ಕಾಲದ ‘ಸರ್ ಗವೇನ್ ಅಂಡ್ ದ ಗ್ರೀನ್ ನೈಟ್’ ಎಂಬ ಕಾವ್ಯದಲ್ಲಿ, ಅಡಿಯಿಂದ ಮುಡಿಯವರೆಗೆ ಹಸಿರಾಗಿರುವ ಸವಾರನೊಬ್ಬ ಕುದುರೆಯಿಂದ ಇಳಿಯದೆಯೇ ಆರ್ಥರ್ ದೊರೆಯ ಔತಣದ ಸಭೆಯೊಳಕ್ಕೆ ನುಗ್ಗುತ್ತಾನೆ. ಅವನ ಕುದುರೆಯ ಜೀನನ್ನು ವರ್ಣಿಸುವ ಕವಿ, ಅದು ಹಸಿರು ಹರಳುಗಳಿಂದ ‘ಗ್ಲೆಮರ್ಡ್ ಅಂಡ್ ಗ್ಲೆಂಟ್’ ಎನ್ನುತ್ತಾನೆ. ಮೊದಲನೆಯದು ನಮ್ಮ ‘ಗ್ಲಿಮರ್’. ಎರಡನೆಯದು ಇಂದಿನ ‘ಗ್ಲಿಂಟ್’ ಪದದ ಹಿಂದಿನ ರೂಪ. ಸಾಲಿನೊಳಗೆ ಒಂದೇ ಮೊದಲಕ್ಷರದ ಪದಗಳು ಬರಬೇಕೆಂಬ ಛಂದಸ್ಸಿನ ಕಟ್ಟಳೆ ಇವೆರಡನ್ನೂ ಅಕ್ಕಪಕ್ಕದಲ್ಲಿ ಕೂರಿಸಿದೆ. ಸಭಿಕರನ್ನು ಬೆರಗುಗೊಳಿಸಲೆಂದೇ ಬಂದವನ ರತ್ನಗಳ ಹೊಳಪನ್ನು ಮಿಣಮಿಣ ಬೆಳಕು ಎಂದು ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲ.

ಹದಿನೈದನೆಯ ಶತಮಾನದಲ್ಲಿ ಅರ್ಥ ವಾಲತೊಡಗಿತು. ಸುಮಾರು 1606ರಲ್ಲಿ ರಚಿತವಾದ ‘ಮ್ಯಾಕ್‌ಬೆತ್’ ನಾಟಕದ ಹೊತ್ತಿಗೆ ಅದು ಪೂರ್ತಿಯಾಗಿ ವಾಲಿಬಿಟ್ಟಿದೆ. ಬ್ಯಾಂಕೋನನ್ನು ಕೊಲ್ಲಲು ಹೊಂಚು ಹಾಕಿ ನಿಂತವರಲ್ಲಿ ಒಬ್ಬ, ಪಡುವಣದಲ್ಲಿ ಹಗಲಿನ ಕೆಲವೇ ಗೆರೆಗಳು ಇನ್ನೂ ಉಳಿದಿವೆ ಎನ್ನುವಾಗ ಬಳಸುವ ಕ್ರಿಯಾಪದ ಇದೇ. ಅಲ್ಲಿ ಇರುವುದು ಆರಿಹೋಗುತ್ತಿರುವ ಬೆಳಕು. ನಾಮಪದವಾಗಿ ‘ಗ್ಲಿಮರ್’ ಬಳಕೆಗೆ ಬಂದದ್ದು ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ. ಅಂದರೆ ನಾಮಪದ ಹುಟ್ಟುವಾಗಲೇ ಮಂದತೆಯನ್ನು ಹೊತ್ತುಕೊಂಡಿತ್ತು. ಕ್ರಿಯಾಪದ ಅದನ್ನು ದಾರಿಯಲ್ಲಿ ಗಳಿಸಿಕೊಂಡಿತು.

ಈ ಬದಲಾವಣೆ ಏಕಾಯಿತು ಎಂಬುದಕ್ಕೆ ಪದದ ಬಾಲವನ್ನು ನೋಡಬೇಕು. ಇಂಗ್ಲಿಷಿನ ಕೆಲವು ಕ್ರಿಯಾಪದಗಳ ಕೊನೆಯ ‘ಅರ್’ ಎಂಬುದು ಕ್ರಿಯೆ ಸಣ್ಣ ಸಣ್ಣದಾಗಿ, ಮತ್ತೆ ಮತ್ತೆ ನಡೆಯುವುದನ್ನು ಸೂಚಿಸುವ ಪ್ರತ್ಯಯ. ‘ಪ್ಯಾಟ್’ ಎಂದರೆ ಮೆಲ್ಲನೆ ತಟ್ಟು. ‘ಪ್ಯಾಟರ್’ ಎಂದರೆ ಮಳೆಹನಿಯಂತೆ ಪಟಪಟನೆ ತಟ್ಟುತ್ತಲೇ ಇರು. ಫ್ಲಟರ್, ಚಾಟರ್, ಶಿಮರ್ ಇವುಗಳಲ್ಲಿಯೂ ಇದೇ ಪ್ರತ್ಯಯ ಕೆಲಸ ಮಾಡುತ್ತದೆ. ಕನ್ನಡ ಇದನ್ನು ಪ್ರತ್ಯಯದಿಂದ ಸಾಧಿಸದೆ ಪದವನ್ನು ಇಮ್ಮಡಿಸಿ ಸಾಧಿಸುತ್ತದೆ: ಮಿಣಮಿಣ, ಪಳಪಳ, ಥಳಥಳ, ಝಗಝಗ. ಹೀಗಾಗಿ ಗ್ಲಿಮರ್‌ನಲ್ಲಿ ಅಸ್ಥಿರತೆ ಪದದ ರಚನೆಯಲ್ಲಿಯೇ ಅಡಗಿದ್ದು, ಕ್ಷೀಣತೆ ಆಮೇಲೆ ಬಂದು ಸೇರಿದ್ದು. ಬಿಟ್ಟು ಬಿಟ್ಟು ಬರುವ ಬೆಳಕು ಸಾಮಾನ್ಯವಾಗಿ ದುರ್ಬಲವಾದ ಬೆಳಕೇ ಆಗಿರುತ್ತದೆ. ಎಣ್ಣೆ ತೀರಿದ ದೀಪವೇ ಹೆಚ್ಚು ಹೊಯ್ದಾಡುವುದು. ಜೊತೆಗೆ, ಸ್ಕ್ಯಾಂಡಿನೇವಿಯದ ಭಾಷೆಯಿಂದ ಬಂದ ‘ಗ್ಲಿಟರ್’ ಪದ ಸುಮಾರು 1300ರಿಂದಲೇ ಪ್ರಖರವಾದ ಮಿನುಗನ್ನು ತನ್ನದಾಗಿಸಿಕೊಂಡಿತ್ತು. ಒಂದೇ ಕೆಲಸಕ್ಕೆ ಇಬ್ಬರಿದ್ದಾಗ ಒಬ್ಬರು ಪಕ್ಕಕ್ಕೆ ಸರಿಯುವುದು ಪದಗಳ ಲೋಕದಲ್ಲಿಯೂ ಇದೆ ಎಂದು ನಾನು ಭಾವಿಸುತ್ತೇನೆ. ಈ ಎರಡು ಕಾರಣಗಳು ನನ್ನ ಊಹೆ. ಅರ್ಥ ಬದಲಾದದ್ದು ಮಾತ್ರ ದಾಖಲೆಯಲ್ಲಿರುವ ಸಂಗತಿ.

ಇದಕ್ಕೆ ಹೊರಗಿನ ಸಾಕ್ಷ್ಯವೂ ಒಂದಿದೆ. ಇದೇ ಪದದ ದಾಯಾದಿಯಾದ ಸ್ವೀಡಿಷ್ ಭಾಷೆಯ ‘ಗ್ಲಿಮ್ಮ’ ಮಂದವಾಗಲಿಲ್ಲ. ‘ಹೊಳೆಯುವುದೆಲ್ಲ ಚಿನ್ನವಲ್ಲ’ ಎಂಬ ಗಾದೆಯನ್ನು ಇಂಗ್ಲಿಷಿನವರು ಗ್ಲಿಟರ್ ಪದದಿಂದ ಹೇಳಿದರೆ, ಸ್ವೀಡನ್ನಿನವರು ಇಂದಿಗೂ ‘ಗ್ಲಿಮ್ಮ’ ಕ್ರಿಯಾಪದದಿಂದಲೇ ಹೇಳುತ್ತಾರೆ. ಡಚ್ ಭಾಷೆಯಲ್ಲಿ ‘ಗ್ಲಿಮ್ಮೆನ್’ ಎಂದರೆ ಉಜ್ಜಿ ತಿಕ್ಕಿದ ಮೇಲ್ಮೈಯಂತೆ ಹೊಳೆಯುವುದು. ಮುಗುಳ್ನಗೆಗೆ ಅವರು ಹೇಳುವ ‘ಗ್ಲಿಮ್‌ಲಾಖ್’ ಪದಶಃ ‘ಹೊಳೆಯುವ ನಗು’. ಜರ್ಮನ್ನಿನ ‘ಗ್ಲಿಮ್ಮೆನ್’ ಮಾತ್ರ ಜ್ವಾಲೆಯಿಲ್ಲದೆ ಒಳಗೊಳಗೇ ಉರಿಯುವುದನ್ನು, ಕೆಂಡದ ಉರಿಯನ್ನು ಹೇಳುತ್ತದೆ. ಒಂದೇ ಮನೆತನದ ಪದಗಳು ಒಂದೊಂದು ನಾಡಿನಲ್ಲಿ ಒಂದೊಂದು ಪ್ರಮಾಣದ ಬೆಳಕನ್ನು ಇಟ್ಟುಕೊಂಡಿವೆ.

ಇನ್ನು ಬೇರಿನ ವಿಷಯ. ಈ ಜರ್ಮಾನಿಕ್ ಪದಗಳೆಲ್ಲವನ್ನೂ ವಿದ್ವಾಂಸರು ಇಂಡೋ-ಯುರೋಪಿಯನ್ ಮೂಲಭಾಷೆಯ ‘ಘೆಲ್’ ಎಂಬ ಧಾತುವಿನವರೆಗೆ ಒಯ್ಯುತ್ತಾರೆ. ಅದಕ್ಕೆ ಹೊಳೆ ಎಂಬ ಅರ್ಥವೂ ಹಳದಿ, ಹಸಿರು ಮೊದಲಾದ ಬಣ್ಣಗಳ ಅರ್ಥವೂ ಇತ್ತೆಂದು ಹೇಳಲಾಗುತ್ತದೆ. ಆ ಭಾಷೆಯ ಬರಹ ಒಂದಕ್ಷರವೂ ನಮಗೆ ಸಿಕ್ಕಿಲ್ಲ. ಆದ್ದರಿಂದ ಇದು ಹೋಲಿಕೆಗಳಿಂದ ಪುನಾರಚಿಸಿದ ರೂಪವೆಂಬುದನ್ನು ನೆನಪಿಡಬೇಕು, ನಿಘಂಟುಗಳು ಅದರ ಮುಂದೆ ನಕ್ಷತ್ರಚಿಹ್ನೆ ಹಾಕುವುದು ಈ ಕಾರಣಕ್ಕೇ. ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ಧ್ವನಿಪಲ್ಲಟದ ನಿಯಮದಂತೆ ಮೂಲದ ‘ಘ’ಕಾರ ಜರ್ಮಾನಿಕ್ ಭಾಷೆಗಳಲ್ಲಿ ‘ಗ’ಕಾರವಾಯಿತು, ಸಂಸ್ಕೃತದಲ್ಲಿ ಇದೇ ಧಾತುವಿನ ಮೊದಲ ಧ್ವನಿ ‘ಹ’ಕಾರವಾಯಿತು. ಹಾಗಾಗಿ ಒಂದು ಕಡೆ ಗೋಲ್ಡ್, ಯೆಲ್ಲೋ, ಗ್ಲೀಮ್, ಗ್ಲಿಮರ್ ಬಂದರೆ, ಇನ್ನೊಂದು ಕಡೆ ನಾವು ದಿನವೂ ಬಳಸುವ ಹರಿತ, ಹಿರಣ್ಯ ಬಂದವು. ಗ್ರೀಕ್ ಭಾಷೆಯಲ್ಲಿ ಎಳೆಹಸಿರನ್ನು ಹೇಳುವ ‘ಖ್ಲೋರೋಸ್’ ಕೂಡ ಇದೇ ವಂಶದ್ದು. ಹಂಫ್ರಿ ಡೇವಿ 1810ರಲ್ಲಿ ಕ್ಲೋರಿನ್ ಅನಿಲಕ್ಕೆ ಅದರ ಬಣ್ಣ ನೋಡಿ ಹೆಸರಿಟ್ಟದ್ದು ಈ ಪದದಿಂದ. ಹಿರಣ್ಯಕ್ಕೂ ಕ್ಲೋರಿನ್‌ಗೂ ಗ್ಲಿಮರ್‌ಗೂ ನೆಂಟಸ್ತನವೆಂದರೆ ಮೊದಲ ಬಾರಿ ಕೇಳುವವರು ನಂಬುವುದು ಕಷ್ಟ, ಆದರೆ ಧ್ವನಿಗಳ ಲೆಕ್ಕ ಸರಿಯಾಗಿಯೇ ಕೂಡಿಕೊಳ್ಳುತ್ತದೆ.

ಉತ್ತರ – ನಾದಾನುಸಂಧಾನ

‘ಪದಮೂಲ’ ಅವರು ವಿವರಿಸಿದ ಚರಿತ್ರೆಯನ್ನು ಒಪ್ಪುತ್ತೇನೆ. ಆದರೆ ‘ಗ್ಲ’ದಿಂದ ಆರಂಭವಾಗುವ ಎಲ್ಲ ಪದಗಳನ್ನೂ ಒಂದೇ ಧಾತುವಿನ ಹೆಗಲಿಗೆ ಹಾಕಿಬಿಟ್ಟರೆ ವಿಷಯದ ಸ್ವಾರಸ್ಯಕರವಾದ ಅರ್ಧ ಕೈತಪ್ಪಿ ಹೋಗುತ್ತದೆ.

ಬೆಳಕು ಮತ್ತು ನೋಟಕ್ಕೆ ಸಂಬಂಧಿಸಿದ ಇಂಗ್ಲಿಷ್ ಪದಗಳು ‘ಗ್ಲ’ದ ಸುತ್ತ ಗುಂಪುಗೂಡಿರುವುದು ಭಾಷಾವಿಜ್ಞಾನಿಗಳ ಗಮನವನ್ನು ಬಹಳ ಕಾಲದಿಂದ ಸೆಳೆದಿದೆ. ತಾನಾಗಿ ಪದವೂ ಅಲ್ಲದ, ಪ್ರತ್ಯಯವೂ ಅಲ್ಲದ, ಆದರೂ ಒಂದು ಅರ್ಥಚ್ಛಾಯೆಯನ್ನು ಹೊತ್ತಿರುವ ಇಂಥ ಧ್ವನಿಗುಂಪಿಗೆ ಜೆ. ಆರ್. ಫರ್ತ್ 1930ರಲ್ಲಿ ‘ಫೋನೆಸ್ಥೀಮ್’ ಎಂಬ ಹೆಸರು ಕೊಟ್ಟರು. ಉಸಿರು ಮತ್ತು ಮೂಗಿನ ಕ್ರಿಯೆಗಳನ್ನು ಹೇಳುವ ಸ್ನೀಜ್, ಸ್ನೋರ್, ಸ್ನಿಫ್, ಸ್ನಾರ್ಟ್ ಪದಗಳ ‘ಸ್ನ’ ಇದಕ್ಕೆ ಇನ್ನೊಂದು ಉದಾಹರಣೆ.

ಈ ಗುಂಪು ಹೊಸಬರನ್ನು ಹೇಗೆ ಎಳೆದುಕೊಳ್ಳುತ್ತದೆ ಎಂಬುದಕ್ಕೆ ‘ಗ್ಲಾನ್ಸ್’ ಪದವನ್ನು ನೋಡಿ. ಅದು ಬಂದದ್ದು ಬಹುಮಟ್ಟಿಗೆ ಹಳೆಯ ಫ್ರೆಂಚ್‌ನಿಂದ. ಅಲ್ಲಿ ಅದರ ಮೂಲ ಜಾರುವಿಕೆಗೆ, ಮಂಜುಗಡ್ಡೆಗೆ ಸಂಬಂಧಿಸಿದ್ದು. ಇಂಗ್ಲಿಷಿನಲ್ಲಿಯೂ ಹದಿನೈದನೆಯ ಶತಮಾನದಲ್ಲಿ ಅದರ ಅರ್ಥ, ಬೀಸಿದ ಆಯುಧ ನೆಟ್ಟಗೆ ತಾಗದೆ ಓರೆಯಾಗಿ ಜಾರಿ ಹೋಗುವುದು ಎಂದಿತ್ತು. ಮುಂದೆ ಹದಿನಾರನೆಯ ಶತಮಾನದಲ್ಲಿ ಅದು ಕಣ್ಣಿನ ಓರೆನೋಟವಾಯಿತು. ಹೊಳಪಿನ ಅರ್ಥವುಳ್ಳ ‘ಗ್ಲೆಂಟ್’ ಮೊದಲಾದ ಪದಗಳ ಸಹವಾಸವೇ ಅದನ್ನು ಈ ಕಡೆಗೆ ಎಳೆದಿರಬೇಕೆಂದು ತಿಳಿದವರು ಹೇಳುತ್ತಾರೆ. ಧಾತುವಿನ ಲೆಕ್ಕದಲ್ಲಿ ಗ್ಲಾನ್ಸ್ ಪರಕೀಯ. ಕಿವಿಯ ಲೆಕ್ಕದಲ್ಲಿ ಮನೆಯವನೇ.

ಇದು ಬರಿಯ ಕಲ್ಪನೆಯೇ ಎಂದು ಕೇಳುವವರಿಗೆ ಒಂದು ಪ್ರಯೋಗವಿದೆ. ಬೆಂಜಮಿನ್ ಬರ್ಗೆನ್ ಎಂಬ ಭಾಷಾವಿಜ್ಞಾನಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓದುಗರಿಗೆ ಒಂದು ಪದವನ್ನು ಕ್ಷಣಕಾಲ ತೋರಿಸಿ, ಬಳಿಕ ಎರಡನೆಯದೊಂದನ್ನು ತೋರಿಸಿ, ಅದು ನಿಜವಾದ ಪದವೇ ಎಂದು ಗುರುತಿಸಲು ಅವರು ತೆಗೆದುಕೊಳ್ಳುವ ಸಮಯವನ್ನು ಅಳೆದರು. ಧ್ವನಿ ಮಾತ್ರ ಹೋಲುವ ಜೋಡಿಗಳಿಗಿಂತಲೂ, ಅರ್ಥ ಮಾತ್ರ ಹೋಲುವ ಜೋಡಿಗಳಿಗಿಂತಲೂ, ಗ್ಲಿಟರ್ ಮತ್ತು ಗ್ಲೋಗಳಂತೆ ಫೋನೆಸ್ಥೀಮ್ ಒಂದನ್ನು ಹಂಚಿಕೊಂಡ ಜೋಡಿಗಳಲ್ಲಿ ಎರಡನೆಯ ಪದ ಬೇಗ ಗುರುತು ಸಿಕ್ಕಿತು. ಅಂದರೆ ಇಂಗ್ಲಿಷ್ ಮಾತನಾಡುವವರ ಮನಸ್ಸಿನಲ್ಲಿ ‘ಗ್ಲ’ ಮತ್ತು ಬೆಳಕಿನ ನಡುವೆ ಒಂದು ಗಂಟು ನಿಜವಾಗಿಯೂ ಬಿದ್ದಿದೆ, ಅವರಿಗೆ ಘೆಲ್ ಧಾತುವಿನ ಹೆಸರು ಗೊತ್ತಿರಲಿ ಬಿಡಲಿ.

ಆದರೆ ‘ಗ್ಲ’ ಧ್ವನಿಗೆ ಸ್ವಭಾವತಃ ಬೆಳಕಿನ ಗುಣವಿದೆ ಎಂದು ಇದರಿಂದ ತೀರ್ಮಾನಿಸಬಾರದು. ಪ್ಲೇಟೋ ತನ್ನ ‘ಕ್ರಾಟಿಲಸ್’ ಸಂವಾದದಲ್ಲಿ ಸಾಕ್ರಟೀಸನ ಬಾಯಿಂದ ಇದೇ ಧ್ವನಿಗುಂಪಿನ ಬಗ್ಗೆ ಮಾತನಾಡಿಸುತ್ತಾನೆ. ಅಲ್ಲಿ ಸಾಕ್ರಟೀಸನಿಗೆ ಕೇಳಿಸುವುದು ಅಂಟು ಮತ್ತು ಸಿಹಿ: ನಾಲಿಗೆ ‘ಲ’ಕಾರದಲ್ಲಿ ಜಾರುತ್ತದೆ, ‘ಗ’ಕಾರ ಅದನ್ನು ಹಿಡಿದು ನಿಲ್ಲಿಸುತ್ತದೆ, ಹಾಗಾಗಿ ಜಿಗುಟಾದ ವಸ್ತುಗಳಿಗೆ ಆ ಧ್ವನಿ ಒಪ್ಪುತ್ತದೆ ಎನ್ನುತ್ತಾನೆ. ಗ್ರೀಕ್ ಭಾಷೆಯ ‘ಗ್ಲುಕುಸ್’, ಅಂದರೆ ಸಿಹಿ, ಅವನು ಕೊಡುವ ಉದಾಹರಣೆಗಳಲ್ಲಿ ಒಂದು. ನಮ್ಮ ಗ್ಲೂಕೋಸ್‌ನ ಮೂಲವೂ ಅದೇ. ಒಂದೇ ಧ್ವನಿಯಲ್ಲಿ ಒಬ್ಬರಿಗೆ ಅಂಟು ಕೇಳಿದರೆ ಇನ್ನೊಬ್ಬರಿಗೆ ಬೆಳಕು ಕೇಳುತ್ತದೆ. ಕನ್ನಡದ ಕಿವಿಗೆ ಹೊಳಪನ್ನು ಕೇಳಿಸುವುದು ‘ಮಿ’ ಎಂಬ ಅಕ್ಷರ: ಮಿಂಚು, ಮಿನುಗು, ಮಿಣುಕು, ಮಿರುಗು, ಮಿರಮಿರ. ಇದರ ಹಿಂದೆಯೂ ‘ಮಿನ್’ ಎಂಬ ದ್ರಾವಿಡ ಧಾತುವಿದೆ. ಆದರೆ ಮಿರಮಿರ ಎನ್ನುವಾಗ ನಾವು ಧಾತುವನ್ನು ನೆನೆಯುವುದಿಲ್ಲ, ಕಿವಿಯನ್ನು ನಂಬುತ್ತೇವೆ.

ಉತ್ತರ – ಹಳೆಯ ಓದುಗ

‘ಗ್ಲೂಮ್’ ಬಗ್ಗೆ ಕೇಳಿದ್ದಕ್ಕೆ ಚಿಕ್ಕದಾಗಿ ಹೇಳುತ್ತೇನೆ. ಅದು ಈ ಮನೆಯದಲ್ಲವೆಂದೇ ಹೆಚ್ಚಿನ ಅಭಿಪ್ರಾಯ. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಅದು ಮೊದಲು ಕ್ರಿಯಾಪದವಾಗಿತ್ತು, ಅರ್ಥ ‘ಮುಖ ಗಂಟಿಕ್ಕು’, ‘ಸಿಡುಕು ಮೋರೆ ಮಾಡು’ ಎಂದು. ಮುಖದ ಮೇಲಿನ ಮೋಡ ಆಕಾಶಕ್ಕೆ ಹಬ್ಬಿ ಕತ್ತಲೆಯೆಂಬ ಅರ್ಥ ನೆಲೆಗೊಂಡದ್ದು ಹದಿನೇಳನೆಯ ಶತಮಾನದಲ್ಲಿ.

ಇದರ ಅವಳಿಯಂತೆ ಕಾಣುವ ‘ಗ್ಲೋಮಿಂಗ್’ ಮಾತ್ರ ಬೆಳಕಿನ ಕುಲದ್ದೇ. ಹಳೆಯ ಇಂಗ್ಲಿಷಿನಲ್ಲಿ ‘ಗ್ಲೋಮ್’ ಎಂದರೆ ಮುಸ್ಸಂಜೆ; ಅದು ‘ಗ್ಲೋ’ ಪದಕ್ಕೆ ಸಂಬಂಧಿ ಎಂದು ಹೇಳುತ್ತಾರೆ. ಶಿಷ್ಟ ಇಂಗ್ಲಿಷಿನಲ್ಲಿ ಬಹುತೇಕ ಮರೆತುಹೋಗಿದ್ದ ಆ ಪದ ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಉಳಿದುಕೊಂಡಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ರಾಬರ್ಟ್ ಬರ್ನ್ಸ್ ಮತ್ತಿತರ ಸ್ಕಾಟಿಷ್ ಬರಹಗಾರರ ಮೂಲಕ ಮತ್ತೆ ಸಾಹಿತ್ಯಕ್ಕೆ ಬಂದಿತು. ಗ್ಲಿಮರ್ ಮತ್ತು ಗ್ಲೋಮಿಂಗ್ ಎರಡೂ ಕತ್ತಲೆಯ ಅಂಚಿನವರೆಗೆ ಹೋದ ಪದಗಳು, ಆದರೆ ಎರಡೂ ಹೊರಟದ್ದು ಬೆಳಕಿನ ಕಡೆಯಿಂದ.

ಕನ್ನಡದಲ್ಲಿಯೂ ಮನೆಮಾತಾಗಿರುವ ‘ಗ್ಲಾಮರ್’ ಕೂಡ ಹೊರಗಿನವನೇ. ಸ್ಕಾಟ್ಲೆಂಡಿನಲ್ಲಿ ‘ಗ್ರಾಮರ್’ ಪದದ ‘ರ’ಕಾರ ‘ಲ’ಕಾರವಾಗಿ ಹುಟ್ಟಿದ ರೂಪವದು. ಓದು ಬಲ್ಲವನಿಗೆ ಮಾಟಮಂತ್ರವೂ ಗೊತ್ತಿರಬೇಕೆಂದು ಜನ ನಂಬಿದ್ದ ಕಾಲದಲ್ಲಿ ವ್ಯಾಕರಣ ಮಂತ್ರವಾಯಿತು, ಮಂತ್ರ ಕಣ್ಕಟ್ಟಾಯಿತು, ವಾಲ್ಟರ್ ಸ್ಕಾಟ್ ಅದನ್ನು ಜನಪ್ರಿಯಗೊಳಿಸಿದ ಮೇಲೆ ಕಣ್ಕಟ್ಟು ಕ್ರಮೇಣ ಮೋಹಕ ಸೌಂದರ್ಯವಾಯಿತು. ವ್ಯಾಕರಣದ ಮೇಷ್ಟರುಗಳು ಈ ಸಂಗತಿಯನ್ನು ತರಗತಿಯಲ್ಲಿ ಹೇಳದಿರುವುದು ಆಶ್ಚರ್ಯ.

ಮರುಪ್ರಶ್ನೆ – ಅನುವಾದಾಸಕ್ತ

ಮೂವರಿಗೂ ಕೃತಜ್ಞತೆಗಳು. ಅಸ್ಥಿರತೆ ಪದದ ರಚನೆಯಲ್ಲಿದೆ, ಕ್ಷೀಣತೆ ಬಳಕೆಯಿಂದ ಬಂದಿದೆ ಎಂಬ ವಿವರಣೆ ನನಗೆ ಬಹಳ ಉಪಯುಕ್ತವಾಯಿತು. ಆದರೆ ಬಳಕೆಯಲ್ಲಿ ಗ್ಲೀಮ್, ಗ್ಲಿಂಟ್, ಶಿಮರ್, ಫ್ಲಿಕರ್ ಮೊದಲಾದ ನೆರೆಹೊರೆಯ ಪದಗಳಿಂದ ಇದನ್ನು ಹೇಗೆ ಬೇರ್ಪಡಿಸುವುದು? ಆಸೆಯ ಸಂದರ್ಭದಲ್ಲಿ ‘ಆಶಾಕಿರಣ’ ಎಂದರೆ ತಪ್ಪಾಗುತ್ತದೆಯೇ?

ಉತ್ತರ – ಅಕ್ಷರಪ್ರೀತ

ಅನುವಾದದ ದೃಷ್ಟಿಯಿಂದ ಹೇಳುವುದಾದರೆ, ಬೆಳಕಿನ ಪದವನ್ನು ಆರಿಸುವ ಮೊದಲು ಆ ಬೆಳಕು ಎಲ್ಲಿಂದ ಬರುತ್ತಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ‘ಗ್ಲೋ’ ವಸ್ತುವಿನ ಒಳಗಿನಿಂದಲೇ ಬರುತ್ತದೆ, ಸ್ಥಿರವಾಗಿರುತ್ತದೆ, ಅದರಲ್ಲಿ ಬಿಸಿಯ ನೆನಪಿರುತ್ತದೆ. ನಿಗಿನಿಗಿ ಕೆಂಡಕ್ಕೆ ಅದೇ ಸರಿ. ‘ಗ್ಲೀಮ್’ ಸಾಮಾನ್ಯವಾಗಿ ನಯವಾದ, ಸ್ವಚ್ಛವಾದ ಮೇಲ್ಮೈಯಿಂದ ಮರಳಿ ಬರುವ ಸೌಮ್ಯವಾದ ಹೊಳಪು. ‘ಗ್ಲಿಂಟ್’ ಗಟ್ಟಿಯಾದ ಅಂಚೊಂದು ತಿರುಗುವಾಗ ಛಕ್ಕೆಂದು ಹೊಳೆದು ಮಾಯವಾಗುವುದು, ಕತ್ತಿಯ ಅಲಗಿನಲ್ಲಿ ಅಥವಾ ಕನ್ನಡಕದ ಗಾಜಿನಲ್ಲಿ ಕಾಣುವಂತೆ. ‘ಶಿಮರ್’ ಒಂದು ಬಿಂದುವಿನದಲ್ಲ, ಹರವಿನದು. ರೇಷ್ಮೆಯ ಮೇಲೆ, ಬಿಸಿಲಿಗೆ ಕಾದ ರಸ್ತೆಯ ಮೇಲೆ, ನೀರಿನ ಮೇಲೆ ಅಲೆಯಾಡುವ ಬೆಳಕು.

‘ಫ್ಲಿಕರ್’ ಪದದ ಹಿನ್ನೆಲೆ ತಿಳಿದರೆ ಅದನ್ನು ಬಳಸುವುದು ಸುಲಭವಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಅದು ಹಕ್ಕಿ ರೆಕ್ಕೆ ಪಟಪಟಿಸುವುದಕ್ಕೆ ಇದ್ದ ಪದ. ದೀಪದ ಕುಡಿಗೆ ಅನ್ವಯವಾದದ್ದು ಹದಿನೇಳನೆಯ ಶತಮಾನದಲ್ಲಿ. ಹಾಗಾಗಿ ಫ್ಲಿಕರ್‌ನಲ್ಲಿ ಇಂದಿಗೂ ಚಲನೆಯೇ ಮುಖ್ಯ, ಬೆಳಕಿನ ಪ್ರಮಾಣ ಗೌಣ. ದೊಡ್ಡ ಬೆಂಕಿಯೂ ಫ್ಲಿಕರ್ ಆಗಬಹುದು. ‘ಟ್ವಿಂಕಲ್’ ಕಣ್ಣು ಮಿಟುಕಿಸುವುದರಿಂದ ಬಂದದ್ದು. ನಕ್ಷತ್ರಗಳ ಬಿಂದುವಿನಂಥ ಬೆಳಕು ಗಾಳಿಯ ಪದರಗಳಲ್ಲಿ ಸತತವಾಗಿ ಬಾಗುವುದರಿಂದ ಅವು ಮಿಟುಕಿಸಿದಂತೆ ಕಾಣುತ್ತವೆ. ಗ್ರಹಗಳು ಚಿಕ್ಕ ಬಿಲ್ಲೆಗಳಾಗಿರುವುದರಿಂದ ಸಾಮಾನ್ಯವಾಗಿ ಹಾಗೆ ಕಾಣುವುದಿಲ್ಲ. ಹೀಗಾಗಿ ಶುಕ್ರಗ್ರಹಕ್ಕೆ ಟ್ವಿಂಕಲ್ ಹೊಂದುವುದಿಲ್ಲವೆಂಬುದು ಭಾಷೆಯ ವಿಷಯವಷ್ಟೇ ಅಲ್ಲ, ಭೌತವಿಜ್ಞಾನದ ವಿಷಯವೂ ಹೌದು.

ಇವೆಲ್ಲವುಗಳ ನಡುವೆ ಗ್ಲಿಮರ್‌ಗೆ ಉಳಿದ ಜಾಗ ಯಾವುದೆಂದರೆ, ಇದೆಯೋ ಇಲ್ಲವೋ ಎಂದು ನೋಡುವವನಿಗೇ ಅನುಮಾನ ಬರುವಷ್ಟು ಕ್ಷೀಣವಾದ ಬೆಳಕು. ಉಳಿದ ಪದಗಳು ಬೆಳಕು ಹೇಗಿದೆಯೆಂದು ಹೇಳಿದರೆ, ಗ್ಲಿಮರ್ ಅದು ಎಷ್ಟು ಮಾತ್ರ ಇದೆಯೆಂದು ಹೇಳುತ್ತದೆ. ಅದು ಆಸೆ, ಆಸಕ್ತಿ, ಅರಿವು ಮೊದಲಾದವುಗಳ ಅಳತೆಯ ಪದವಾಗಿ ಬೆಳೆದದ್ದು ಇದರಿಂದಲೇ ಎಂಬುದು ನನ್ನ ಅಭಿಪ್ರಾಯ. ನಕಾರದೊಂದಿಗೆ ಅದು ಎಷ್ಟು ಸಲೀಸಾಗಿ ಬರುತ್ತದೆಂದು ಗಮನಿಸಿ: ‘ಆಸಕ್ತಿಯ ಒಂದು ಗ್ಲಿಮರ್ ಕೂಡ ಇರಲಿಲ್ಲ’ ಎನ್ನುತ್ತಾರೆ, ‘ಆಸಕ್ತಿಯ ಒಂದು ಗ್ಲೇರ್ ಕೂಡ ಇರಲಿಲ್ಲ’ ಎನ್ನುವವರಿಲ್ಲ. ಇಲ್ಲಿ ಕನ್ನಡದಲ್ಲಿ ಬೆಳಕಿನ ಪದವನ್ನೇ ಹಿಡಿದು ಕೂರಬೇಕಾಗಿಲ್ಲ; ಆಸಕ್ತಿಯ ಸುಳಿವೂ ಇರಲಿಲ್ಲ, ಲವಲೇಶವೂ ಇರಲಿಲ್ಲ ಎಂದರೆ ಅರ್ಥ ಪೂರ್ತಿಯಾಗಿ ಬರುತ್ತದೆ.

‘ಆಶಾಕಿರಣ’ ತಪ್ಪಲ್ಲ, ಆದರೆ ಸ್ವಲ್ಪ ಹೆಚ್ಚಾಯಿತು. ಕಿರಣಕ್ಕೆ ದಿಕ್ಕಿದೆ, ನೇರತೆಯಿದೆ, ಎಲ್ಲಿಂದಲೋ ಬಂದು ತಲುಪಿದೆಯೆಂಬ ಭರವಸೆಯಿದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ರೇ ಆಫ್ ಹೋಪ್’ ಎಂಬ ಬೇರೆ ನುಡಿಗಟ್ಟೇ ಇದೆ. ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಸವೆದು ಅದರ ಹೊಳಪೂ ಈಗ ಉಳಿದಿಲ್ಲ. ನಿಮ್ಮ ಪಾತ್ರ ತನ್ನ ಆಸೆಯನ್ನು ತಾನೇ ಪೂರ್ತಿ ನಂಬದ ಸ್ಥಿತಿಯಲ್ಲಿದ್ದರೆ ‘ಆಸೆಯ ಎಳೆಯೊಂದು’, ‘ಎಲ್ಲೋ ಒಂದು ಕಡೆ ಸಣ್ಣ ಆಸೆ’, ‘ಆಸೆ ಮಿಣುಕಿತು’ ಎಂಬ ಮಾತುಗಳು ಹತ್ತಿರವಾಗುತ್ತವೆ. ಅರಿವಿನ ಸಂದರ್ಭಕ್ಕಾದರೆ ‘ಹೊಳಹು’ ಎಂಬ ಸೊಗಸಾದ ಪದ ನಮ್ಮಲ್ಲಿಯೇ ಇದೆ. ದೂರದ ಕಿಟಕಿಯ ದೀಪಕ್ಕೆ ‘ಮಿಣುಕು’ ಸಾಕು. ನೀರಿನ ದೃಶ್ಯದಲ್ಲಿ ಲೇಖಕರು ಶಿಮರ್ ಎನ್ನದೆ ಗ್ಲಿಮರ್ ಎಂದದ್ದನ್ನು ಗೌರವಿಸಿ, ‘ಮಸುಕು ಬೆಳಕು ಅಲೆಗಳ ಮೇಲೆ ತುಯ್ದಾಡುತ್ತಿತ್ತು’ ಎಂದು ಎರಡು ಪದಗಳಲ್ಲಿ ಕೆಲಸ ಹಂಚಿಬಿಡಿ. ಕ್ಷೀಣತೆಯನ್ನು ವಿಶೇಷಣ ಹೊರಲಿ, ಅಲುಗಾಟವನ್ನು ಕ್ರಿಯಾಪದ ಹೊರಲಿ. ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದ ಒಂದೇ ಪದ ಸಿಗಬೇಕೆಂಬ ಹಟ ನಿಘಂಟುಕಾರರಿಗೆ ಇರಲಿ, ನಿಮಗೆ ಬೇಡ.

ಇನ್ನೊಂದು ಎಚ್ಚರಿಕೆ. ಮನಃಶಾಸ್ತ್ರದ ಇತ್ತೀಚಿನ ಬರಹಗಳಲ್ಲಿ ‘ಗ್ಲಿಮರ್ಸ್’ ಎಂದು ಬಹುವಚನದಲ್ಲಿ ಬಂದರೆ ಅದು ಪಾರಿಭಾಷಿಕ ಪದ. ಹಳೆಯ ಆಘಾತವನ್ನು ಕೆರಳಿಸುವ ‘ಟ್ರಿಗರ್’ಗಳಿಗೆ ವಿರುದ್ಧವಾಗಿ, ಮನಸ್ಸಿಗೆ ಸುರಕ್ಷಿತವೆನಿಸುವ ಪುಟ್ಟ ಪುಟ್ಟ ಕ್ಷಣಗಳಿಗೆ ಡೆಬ್ ಡೇನಾ ಎಂಬ ಚಿಕಿತ್ಸಕಿ ಈ ಹೆಸರನ್ನು ಕೊಟ್ಟರು, 2018ರಲ್ಲಿ ಪ್ರಕಟವಾದ ಅವರ ಬರವಣಿಗೆಯಿಂದ ಅದು ಹರಡಿತು. ಅಂಥ ಕಡೆ ಮಿಣುಕು ಎಂದು ಅನುವಾದಿಸಿದರೆ ಓದುಗರಿಗೆ ಏನೂ ತಿಳಿಯುವುದಿಲ್ಲ.

ಉತ್ತರ – ಪದಮೂಲ

ಗ್ಲಿಂಪ್ಸ್ ಪದವನ್ನು ಯಾರೂ ಪ್ರಸ್ತಾಪಿಸಲಿಲ್ಲವಾದ್ದರಿಂದ ಸೇರಿಸುತ್ತೇನೆ. ಅದು ಗ್ಲಿಮರ್‌ನ ಒಡಹುಟ್ಟು. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಅದರ ರೂಪ ‘ಗ್ಲಿಮ್ಸೆನ್’. ನಡುವಿನ ‘ಪ’ಕಾರ ‘ಮ’ದಿಂದ ‘ಸ’ಕ್ಕೆ ದಾಟುವಾಗ ಬಾಯಿ ತಾನಾಗಿ ಸೇರಿಸಿಕೊಂಡದ್ದು, ‘ಎಂಪ್ಟಿ’ ಪದದಲ್ಲಿ ಸೇರಿಕೊಂಡಂತೆ. ಅದೂ ಮೊದಲು ಬೆಳಕಿನ ಪದವೇ ಆಗಿತ್ತು. ಕ್ಷಣಿಕವಾದ ಮಿಂಚು ಎಂಬುದರಿಂದ ಕ್ಷಣಿಕವಾದ ನೋಟ ಎಂಬಲ್ಲಿಗೆ ಅದು ಬಂದಿತು. ಹೊಳೆಯುವ ವಸ್ತುವಿನಿಂದ ನೋಡುವ ಕಣ್ಣಿಗೆ ಅರ್ಥ ಸ್ಥಳಾಂತರವಾಯಿತು.

ಗ್ಲಿಮರ್‌ಗೆ ಒಂದು ಕಳ್ಳರ ಬದುಕೂ ಇತ್ತು. ಹದಿನಾರನೆಯ ಶತಮಾನದ ಇಂಗ್ಲೆಂಡಿನ ಅಲೆಮಾರಿಗಳು ಮತ್ತು ಕಳ್ಳರ ಗುಪ್ತಭಾಷೆಯಲ್ಲಿ ಅದರ ಅರ್ಥ ಬೆಂಕಿ. 1567ರಲ್ಲಿ ಥಾಮಸ್ ಹಾರ್ಮನ್ ಪ್ರಕಟಿಸಿದ, ವಂಚಕರ ಬಗ್ಗೆ ಎಚ್ಚರಿಸುವ ಪುಸ್ತಕದಲ್ಲಿ ‘ಡಿಮ್ಯಾಂಡರ್ ಫಾರ್ ಗ್ಲಿಮರ್’ ಎಂಬ ವರ್ಗವೇ ಇದೆ. ತಮ್ಮದೆಲ್ಲವೂ ಬೆಂಕಿಗೆ ಆಹುತಿಯಾಯಿತೆಂದು ಖೋಟಾ ಪರವಾನಗಿ ಹಿಡಿದು ಬೇಡುತ್ತಿದ್ದವರು ಇವರು, ಹೆಚ್ಚಾಗಿ ಹೆಂಗಸರು. ಇದರ ಮೊಟಕು ರೂಪವಾದ ‘ಗ್ಲಿಮ್’ ಮುಂದೆ ಮೋಂಬತ್ತಿಗೂ ಲಾಂದ್ರಕ್ಕೂ ಆಡುಮಾತಾಯಿತು. ದೀಪ ಆರಿಸು ಎನ್ನಲು ನಾವಿಕರು ‘ಡೌಸ್ ದ ಗ್ಲಿಮ್’ ಎನ್ನುತ್ತಿದ್ದರು.

ಕೊನೆಯದಾಗಿ ಅನುವಾದಕರಿಗೆ ಒಂದು ಮಾತು. ಜರ್ಮನ್, ಸ್ವೀಡಿಷ್, ಡ್ಯಾನಿಷ್ ಭಾಷೆಗಳಿಂದ ಬಂದ ಭೂವಿಜ್ಞಾನದ ಬರಹಗಳಲ್ಲಿ ‘ಗ್ಲಿಮ್ಮರ್’ ಎಂದು ಕಂಡರೆ ಅದು ಬೆಳಕಲ್ಲ, ಅಭ್ರಕ. ನಮ್ಮ ಆಡುಮಾತಿನ ಕಾಗೆಬಂಗಾರ. ಪದರ ಪದರವಾಗಿ ಸುಲಿದುಬರುವ ಆ ಖನಿಜದ ಹೊಳಪೇ ಅದಕ್ಕೆ ಹೆಸರು ತಂದಿದೆ. ಇಂಗ್ಲಿಷ್ ಮಾತ್ರ ಇಲ್ಲಿ ಲ್ಯಾಟಿನ್ ಮೂಲದ ‘ಮೈಕಾ’ವನ್ನು ಆರಿಸಿಕೊಂಡಿತು, ಅದರ ಮೂಲಾರ್ಥ ‘ಚೂರು’ ಎಂದಿದ್ದರೂ, ಹೊಳೆ ಎಂಬ ಅರ್ಥದ ‘ಮಿಕಾರೆ’ ಎಂಬ ಇನ್ನೊಂದು ಲ್ಯಾಟಿನ್ ಪದದ ನೆರಳು ಅದರ ಮೇಲೆ ಬಿದ್ದಿದೆ. ಆದ್ದರಿಂದ ‘ಗ್ಲಿಮ್ಮರ್‌ಶೀಫರ್’ ಎಂಬುದು ಎದುರಾದಾಗ ಮಿನುಗುವ ಬಂಡೆ ಎಂದು ಬರೆಯಬೇಡಿ. ಅದು ಅಭ್ರಕದ ಪದರುಶಿಲೆ.